ಬೊಮ್ಮಕ್ಕ ಸಿಡಿಲನ್ನು ಪಳಗಿಸಿದ್ದು

ವರ್ಷಗಳನ್ನು ಎಣಿಸುವವರು ಇನ್ನೂ ಹುಟ್ಟಿರದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ, ಸಿಡಿಲಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಎತ್ತರದ ಬೆಟ್ಟದ ಮೇಲೆ ಒಂದು ಬಿಳಿಯ ಗೂಳಿ ಇತ್ತು. ಅದು ಕೊಂಬು ಬೀಸಿದರೆ ಸಿಡಿಲು ಹುಟ್ಟುತ್ತಿತ್ತು. ಆ ಸಿಡಿಲು ತಾಮ್ರದ ತಂತಿಯಲ್ಲಿ ಹರಿದು ಊರಿಗೆ ಇಳಿಯುತ್ತಿತ್ತು. ಗೂಳಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ಆಡಿಸುತ್ತಿದ್ದುದರಿಂದ ತಂತಿಯೊಳಗಿನ ಸಿಡಿಲೂ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಓಡುತ್ತಿತ್ತು. ಅರಮನೆಯ ದೊಡ್ಡ ದೀಪಗಳಿಗೆ, ಕೋಟೆಯ ಬಾಗಿಲೆಳೆಯುವ ಗಾಲಿಗಳಿಗೆ ಅದೇ ಸಾಕಾಗಿತ್ತು.

ಆದರೆ ಊರಿನ ವಿದ್ಯಾಶಾಲೆಯ ಮಕ್ಕಳಿಗೆ ಸಾಕಾಗಿರಲಿಲ್ಲ. ಅವರು ರೆಕ್ಕೆ ಬಡಿಯುವ ತಗಡಿನ ಗುಬ್ಬಿ ಮಾಡುತ್ತಿದ್ದರು, ತಾನಾಗಿ ತೂಗುವ ತೊಟ್ಟಿಲು ಮಾಡುತ್ತಿದ್ದರು. ಇವಕ್ಕೆ ಬೇಕಾದದ್ದು ಚಿಟಿಕೆಯಷ್ಟು ಸಿಡಿಲು. ಅದೂ ಒಂದೇ ದಿಕ್ಕಿಗೆ ಹರಿಯಬೇಕು, ನಡುಗಬಾರದು. ಗುಬ್ಬಿಗೆ ಒಂದು ಅಳತೆ, ತೊಟ್ಟಿಲಿಗೆ ಇನ್ನೊಂದು. ಬೆಟ್ಟದ ತಂತಿಗೆ ನೇರವಾಗಿ ತಗುಲಿಸಿದರೆ ಗುಬ್ಬಿ ಸುಟ್ಟು ಕರಕಲಾಗುತ್ತಿತ್ತು.

ಪಳಗಿದ ಸಿಡಿಲು ಸಿಗುತ್ತಿದ್ದುದು ಒಬ್ಬನ ಹತ್ತಿರ ಮಾತ್ರ. ಅವನು ಕರಾಳಮುಷ್ಟಿ ಎಂಬ ಮಾಂತ್ರಿಕ. ಅವನ ಒಂದೊಂದು ಕಪ್ಪು ಪೆಟ್ಟಿಗೆಯೂ ಒಂದೇ ಅಳತೆಯ ಸಿಡಿಲು ಕೊಡುತ್ತಿತ್ತು. ಅಳತೆ ಬದಲಾದರೆ ಇನ್ನೊಂದು ಪೆಟ್ಟಿಗೆ. ಅದಕ್ಕೆ ಅವನು ಹಣ ಕೇಳುತ್ತಿರಲಿಲ್ಲ, ಕಲಿತದ್ದನ್ನು ಕೇಳುತ್ತಿದ್ದ. ಪೆಟ್ಟಿಗೆಗೆ ಒಂದು ವಿದ್ಯೆ. ಹಣೆ ಮುಟ್ಟಿ ಮಂತ್ರ ಹೇಳಿದರೆ ಆ ವಿದ್ಯೆ ಹರಳಾಗಿ ಉದುರುತ್ತಿತ್ತು. ಅದನ್ನು ಅವನು ಕೊರಳಿನ ಸರಕ್ಕೆ ಪೋಣಿಸಿಕೊಳ್ಳುತ್ತಿದ್ದ.

ಕಂಚುಗಾರರ ಮಗಳು ಬೊಮ್ಮಕ್ಕ ಆ ವಿದ್ಯಾಶಾಲೆಯಲ್ಲಿ ಓದುತ್ತಿದ್ದಳು. ಅವಳ ಗೆಳತಿ ತಿಪ್ಪಾಂಬೆ ಮಾಡಿದ ಗುಬ್ಬಿ ಇಡೀ ಶಾಲೆಗೇ ಚೆಂದದ್ದಾಗಿತ್ತು. ಒಂದು ಬೆಳಿಗ್ಗೆ ತಿಪ್ಪಾಂಬೆ ಓಲೆಯೊಂದನ್ನು ತಲೆಕೆಳಗಾಗಿ ಹಿಡಿದು ಕೂತಿದ್ದಳು.

"ಬೊಮ್ಮೀ, ಇದರಲ್ಲಿ ಏನು ಬರೆದಿದೆಯೇ?" ಎಂದು ಕೇಳಿದಳು.

"ನಿನ್ನೆ ನೀನೇ ಬರೆದದ್ದಲ್ಲವೇನೇ?"

"ಇರಬಹುದು. ಗುಬ್ಬಿ ಹಾರಲಿ ಅಂತ ಪೆಟ್ಟಿಗೆ ತಂದೆ. ಅವನು ಅಕ್ಷರ ತಗೊಂಡ." ತಿಪ್ಪಾಂಬೆ ನಗಲು ನೋಡಿದಳು, ಆಗಲಿಲ್ಲ.

ಬೊಮ್ಮಕ್ಕ ಅಳಲಿಲ್ಲ. "ಆ ಪೆಟ್ಟಿಗೆಯನ್ನೂ ಯಾವನೋ ಕೈಯಿಂದಲೇ ಮಾಡಿರುತ್ತಾನೆ. ನಮಗೂ ಕೈಯಿದೆ. ಒಂದೇ ಪೆಟ್ಟಿಗೆ, ಬೇಕಾದ ಅಳತೆ, ಯಾವ ಬಡ ಹುಡುಗಿಯೂ ಕೂತು ಮಾಡಿಕೊಳ್ಳುವ ಹಾಗೆ ಮಾಡುತ್ತೇನೆ" ಎಂದಳು.

ಅಪ್ಪನ ಗುಜರಿ ರಾಶಿಯಿಂದ ಒಂದು ಕಬ್ಬಿಣದ ಬಳೆ ಎತ್ತಿಕೊಂಡಳು. ಬಳೆಯ ಒಂದು ಕಡೆ ತಂತಿಯನ್ನು ನೂರು ಸುತ್ತು ಸುತ್ತಿದಳು, ಇನ್ನೊಂದು ಕಡೆ ಹತ್ತು ಸುತ್ತು. ನೂರರ ಕಡೆ ಹೊಕ್ಕ ಸಿಡಿಲು ಹತ್ತರ ಕಡೆ ಮೆತ್ತಗಾಗಿ ಹೊರಬಂತು. ಆದರೂ ಹಿಂದೆ ಮುಂದೆ ಓಡುವ ಚಾಳಿ ಬಿಡಲಿಲ್ಲ. ಆ ರಾಜ್ಯದ ಹೊಳೆಯಲ್ಲಿ ಮಿರುಗುವ ಕಪ್ಪು ಕಲ್ಲುಗಳಿದ್ದವು. ಅವು ಸಿಡಿಲನ್ನು ಒಂದು ಕಡೆಯಿಂದ ಒಳಬಿಡುತ್ತಿದ್ದವು, ಮರಳಿ ಹೋಗಗೊಡುತ್ತಿರಲಿಲ್ಲ. ಬೊಮ್ಮಕ್ಕ ಅಂಥ ನಾಲ್ಕು ಕಲ್ಲು ಆರಿಸಿ ನಾಲ್ಕು ಬಾಗಿಲುಗಳಂತೆ ಜೋಡಿಸಿದಳು. ಸಿಡಿಲು ಒಂದೇ ದಿಕ್ಕಿಗೆ ಹರಿಯಿತು. ಆದರೂ ಅಲೆಯಲೆಯಾಗಿ ನಡುಗುತ್ತಿತ್ತು. ಉಪ್ಪಿನಕಾಯಿಯ ಗಾಜಿನ ಭರಣಿಗೆ ಒಳಗೂ ಹೊರಗೂ ತಗಡಿನ ಹಾಳೆ ಅಂಟಿಸಿ ಅದರಲ್ಲಿ ಸಿಡಿಲನ್ನು ತುಂಬಿಟ್ಟಳು. ಅಲೆ ಬಿದ್ದಾಗ ಭರಣಿ ತನ್ನೊಳಗಿನದನ್ನು ಕೊಟ್ಟಿತು. ನಡುಕ ನಿಂತಿತು.

ಗುಬ್ಬಿ ಹಾರಿತು! ಆದರೆ ಜೊತೆಗೆ ತೊಟ್ಟಿಲನ್ನೂ ತಗುಲಿಸಿದ ಕೂಡಲೇ ಗುಬ್ಬಿ ಸೊರಗಿ ಕೆಳಗೆ ಬಿತ್ತು. ತೊಟ್ಟಿಲು ತೆಗೆದರೆ ಹುಚ್ಚು ಹಿಡಿದಂತೆ ಗೋಡೆಗೆ ಹೋಗಿ ಬಡಿಯಿತು.

ಮೂರು ದಿನ ಬೊಮ್ಮಕ್ಕನಿಗೆ ದಾರಿ ಕಾಣಲಿಲ್ಲ. ನಾಲ್ಕನೆಯ ದಿನ ಕೆರೆಯ ಏರಿಯ ಮೇಲೆ ನಡೆದು ಹೋಗುವಾಗ ನೀರುಗಂಟಿ ಕರಿಯಜ್ಜ ತೂಬಿನ ಹತ್ತಿರ ಕೂತಿದ್ದ. ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ.

"ಅಜ್ಜಾ, ಕೆರೆ ತುಂಬಿದ್ದಾಗಲೂ ತಗ್ಗಿದ್ದಾಗಲೂ ಗದ್ದೆಗೆ ಒಂದೇ ಹದದಲ್ಲಿ ನೀರು ಹೇಗೆ ಬಿಡ್ತೀಯ?" ಎಂದು ಕೇಳಿದಳು.

"ನಾನು ಕೆರೆ ಕಡೆ ನೋಡೋದೇ ಇಲ್ಲ ಕಣವ್ವಾ," ಎಂದ ಕರಿಯಜ್ಜ. "ಗದ್ದೆ ಕಡೆ ನೋಡ್ತೀನಿ. ಅಲ್ಲಿ ನೀರು ಇಳಿದರೆ ತೂಬು ಎತ್ತುತ್ತೀನಿ, ಏರಿದರೆ ಇಳಿಸ್ತೀನಿ. ಅಷ್ಟೇ."

ಬೊಮ್ಮಕ್ಕ ಅವನ ಕಾಲಿಗೆ ಬಿದ್ದು ಮನೆಗೆ ಓಡಿದಳು.

ಪೆಟ್ಟಿಗೆಯ ಹೊರದಾರಿಯಲ್ಲಿ ಒಂದು ಕಬ್ಬಿಣದ ನಾಲಿಗೆ ಕೂರಿಸಿ, ಅದರ ಪಕ್ಕ ತಂತಿಯ ಸುರುಳಿಯೊಂದನ್ನು ಇಟ್ಟಳು. ಸಿಡಿಲು ಹೆಚ್ಚಾದರೆ ಸುರುಳಿ ನಾಲಿಗೆಯನ್ನು ಎಳೆದು ದಾರಿ ಮುಚ್ಚುತ್ತಿತ್ತು. ಕಡಿಮೆಯಾದರೆ ನಾಲಿಗೆ ಹಿಂದೆ ಸರಿದು ದಾರಿ ತೆರೆಯುತ್ತಿತ್ತು. ನಾಲಿಗೆಯನ್ನು ಬಿಗಿಹಿಡಿಯಲು ಒಂದು ತಿರುಪು ಇಟ್ಟಳು. ತಿರುಪು ಎಷ್ಟು ತಿರುಗಿಸಿದರೆ ಸಿಡಿಲು ಅಷ್ಟು. ಕೊನೆಗೆ, ಸಿಡಿಲು ಒಳಬರುವ ಬಾಯಿಗೆ ಕೂದಲಿನಂಥ ಸೀಸದ ಎಳೆಯೊಂದನ್ನು ಕಟ್ಟಿದಳು. ಅವಳನ್ನು ನೋಡಿ ತಿಪ್ಪಾಂಬೆಯೂ ಒಂದು ಪೆಟ್ಟಿಗೆ ಮಾಡಿದಳು. ಅಕ್ಷರ ಹೋಗಿದ್ದರೂ ಅವಳ ಕೈಬೆರಳುಗಳು ಏನನ್ನೂ ಮರೆತಿರಲಿಲ್ಲ.

ಸುದ್ದಿ ಮಾಂತ್ರಿಕನ ಕಿವಿಗೆ ಬಿತ್ತು. ಅವನು ರಾಣಿ ಚಂದ್ರಲೇಖೆಯ ಸಭೆಗೆ ಬಂದು, ಬೊಮ್ಮಕ್ಕನನ್ನೂ ಕರೆಸಿ ಅಬ್ಬರಿಸಿದ: "ಗುಜರಿ ಪೆಟ್ಟಿಗೆಯಿಂದ ಊರು ಸುಟ್ಟುಹೋದೀತು! ನನ್ನ ಮೂರು ಪರೀಕ್ಷೆ ಗೆಲ್ಲಲಿ. ಸೋತರೆ ಈ ಹುಡುಗಿ ಕಲಿತದ್ದೆಲ್ಲ ನನ್ನದು."

"ಒಪ್ಪುತ್ತೀಯೇನಮ್ಮಾ?" ಎಂದು ರಾಣಿ ಕೇಳಿದಳು.

"ಒಪ್ಪುತ್ತೇನೆ ತಾಯಿ. ಆದರೆ ಅವರ ಪೆಟ್ಟಿಗೆಗೂ ಅದೇ ಪರೀಕ್ಷೆ ಆಗಲಿ."

"ನ್ಯಾಯವಾದ ಮಾತು," ಎಂದಳು ರಾಣಿ. ಮಾಂತ್ರಿಕ ಮೀಸೆಯೊಳಗೇ ನಕ್ಕು ಒಪ್ಪಿದ.

ಮೊದಲು ಅವನು ಗಾಜಿನ ಜೇನ್ನೊಣವೊಂದನ್ನು ಬಿಟ್ಟ. ಎಳ್ಳಿನಷ್ಟು ಸಿಡಿಲು ಹೆಚ್ಚಾದರೂ ಅದು ಒಡೆದು ಪುಡಿಯಾಗುವಂಥದ್ದು. ಬೊಮ್ಮಕ್ಕ ತಿರುಪನ್ನು ಪೂರ್ತಿ ಸಡಿಲಿಸಿ, ಆಮೇಲೆ ಮೆಲ್ಲಗೆ, ಮೆಲ್ಲಗೆ ಬಿಗಿದಳು. ಜೇನ್ನೊಣ ರೆಕ್ಕೆ ಅರಳಿಸಿ ರಾಣಿಯ ಮುಡಿಯ ಹೂವಿನ ಮೇಲೆ ಹೋಗಿ ಕೂತಿತು. ಮಾಂತ್ರಿಕ ಅದಕ್ಕೆ ಸರಿಹೊಂದುವ ತನ್ನ ಪೆಟ್ಟಿಗೆ ತೆಗೆದ. ಅಲ್ಲಿಯೂ ಜೇನ್ನೊಣ ಹಾರಿತು.

ಎರಡನೆಯದಾಗಿ ಅವನು ಕಬ್ಬಿಣದ ಆನೆಮರಿಯನ್ನು ಕರೆದ. ಅದು ಬೀಸುಕಲ್ಲು ತಿರುಗಿಸುತ್ತಾ ಒಮ್ಮೆ ಸಿಡಿಲನ್ನು ಗಟಗಟ ಕುಡಿಯುತ್ತಿತ್ತು, ಒಮ್ಮೆ ಬಾಯಿ ಮುಚ್ಚಿ ನಿಲ್ಲುತ್ತಿತ್ತು. ಬೊಮ್ಮಕ್ಕ ತಿರುಪನ್ನು ಮೇಲಕ್ಕೆ ಬಿಗಿದಳು. ಪೆಟ್ಟಿಗೆಯೊಳಗೆ ಕಬ್ಬಿಣದ ನಾಲಿಗೆ ಟಕಟಕ ಅಂದಿತು. ಅದೇ ಪೆಟ್ಟಿಗೆಗೆ ಪಕ್ಕದಲ್ಲಿ ಕಟ್ಟಿದ್ದ ದೀಪದ ಕುಡಿ ಅಲುಗಲಿಲ್ಲ. ಮಾಂತ್ರಿಕ ಇನ್ನೊಂದು ಪೆಟ್ಟಿಗೆ ತೆಗೆದ. ಅವನ ದೀಪ ಕುಗ್ಗಿತು, ಹಿಗ್ಗಿತು, ಆದರೆ ಆರಲಿಲ್ಲ.

ಮೂರನೆಯದಾಗಿ ಅವನು ಜೋಳಿಗೆಯಿಂದ ಎರಡು ತಲೆಯ ಹಾವನ್ನು ತೆಗೆದ. ಅದು ಹರಿದು ಹೋಗಿ ಪೆಟ್ಟಿಗೆಯಿಂದ ಹೊರಡುವ ಎರಡು ತಂತಿಗಳನ್ನೂ ಒಟ್ಟಿಗೆ ಕಚ್ಚಿತು. ದೀಪ ತಟ್ಟನೆ ಆರಿತು. ಪೆಟ್ಟಿಗೆ ಸದ್ದಿಲ್ಲದೆ ನಿಂತುಹೋಯಿತು.

"ಸತ್ತಿತು!" ಎಂದು ಕರಾಳಮುಷ್ಟಿ ಕೇಕೆ ಹಾಕಿ ಬೊಮ್ಮಕ್ಕನ ಹಣೆಗೆ ಕೈ ಚಾಚಿದ.

"ಸತ್ತಿಲ್ಲ ಸ್ವಾಮಿ," ಎಂದಳು ಬೊಮ್ಮಕ್ಕ. "ತನ್ನನ್ನು ತಾನು ಕಾಪಾಡಿಕೊಂಡಿದೆ. ಸಿಡಿಲು ಉಕ್ಕಿದರೆ ಸೀಸದ ಎಳೆ ತಾನು ಕರಗಿ ದಾರಿ ಕಡಿಯುತ್ತದೆ. ಹಾವನ್ನು ಬಿಡಿಸಿ. ತಿಪ್ಪೀ, ಬಾರೇ ಇಲ್ಲಿ."

ಮಾಂತ್ರಿಕ ಹಾವನ್ನು ಬಿಡಿಸಿದ. ತಿಪ್ಪಾಂಬೆ ಗುಂಪಿನಿಂದ ಎದ್ದು ಬಂದಳು. ಬೆಟ್ಟದ ತಂತಿಯನ್ನು ಬಿಡಿಸಿ, ಕರಗಿದ್ದ ಸೀಸದ ಎಳೆ ಕಿತ್ತು, ಹೊಸದೊಂದನ್ನು ಕಟ್ಟಿ, ತಂತಿಯನ್ನು ಮರಳಿ ತಗುಲಿಸಿದಳು. ಎಲೆ ಅಡಿಕೆ ಜಗಿದು ಮುಗಿಸುವಷ್ಟು ಹೊತ್ತೂ ಆಗಲಿಲ್ಲ. ದೀಪ ಮತ್ತೆ ಹೊತ್ತಿತು.

"ಈಗ ನಿನ್ನ ಸರದಿ," ಎಂದಳು ರಾಣಿ.

ಮಾಂತ್ರಿಕನ ಮುಖ ಬಾಡಿತು. "ತಾಯಿ, ನನ್ನ ಪೆಟ್ಟಿಗೆ ಮಂತ್ರದ್ದು, ಅದಕ್ಕೆ ಹಾವು..." ಎನ್ನುತ್ತಿದ್ದಂತೆ ಹಾವೇ ತಿರುಗಿ ಅವನ ಪೆಟ್ಟಿಗೆಯ ತಂತಿಗಳನ್ನು ಕಚ್ಚಿತು. ಅದರಲ್ಲಿ ಸೀಸದ ಎಳೆ ಇರಲಿಲ್ಲ. ಪೆಟ್ಟಿಗೆ ಢಂ ಎಂದು ಸಿಡಿಯಿತು. ಕಿಡಿ ಹಾರಿ ಅವನ ಕೊರಳ ಸರಕ್ಕೆ ತಗುಲಿತು. ದಾರ ಉರಿದುಹೋಗಿ ಹರಳುಗಳೆಲ್ಲ ಮಳೆಯಂತೆ ಸುರಿದವು. ಒಂದೊಂದೂ ಹೊರಳುತ್ತಾ ತನ್ನ ಒಡೆಯರ ಪಾದ ಹುಡುಕಿಕೊಂಡು ಹೋಗಿ ಮುಟ್ಟಿ ಮಾಯವಾಯಿತು. ಒಬ್ಬನಿಗೆ ಮಗ್ಗಿ ಬಂತು, ಒಬ್ಬಳಿಗೆ ಮರೆತ ಹಾಡು ಬಂತು. ತಿಪ್ಪಾಂಬೆ ಸಿಂಹಾಸನದ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿದಳು, ಮತ್ತೊಮ್ಮೆ ಓದಿದಳು. ಬೊಮ್ಮಕ್ಕ ಅವಳನ್ನು ತಬ್ಬಿಕೊಂಡು ಅವತ್ತು ಮೊದಲ ಸಲ ಅತ್ತಳು.

ಕರಾಳಮುಷ್ಟಿಗೆ ಗೊತ್ತಿದ್ದದ್ದೆಲ್ಲ ಆ ಹರಳುಗಳಲ್ಲಿದ್ದ ಕದ್ದ ವಿದ್ಯೆಯೇ. ಅದು ಹೋದ ಮೇಲೆ ಒಂದು ಮಂತ್ರವೂ ಉಳಿಯಲಿಲ್ಲ. ರಾಣಿ ಅವನನ್ನು ವಿದ್ಯಾಶಾಲೆಗೆ ಕಳುಹಿಸಿದಳು. ಪುಟ್ಟ ಮಕ್ಕಳ ಸಾಲಿನಲ್ಲಿ ಕೂತು ಅವನು ಮರಳಿನ ಮೇಲೆ ಅ ಆ ತಿದ್ದಿದ.

"ನಿನಗೇನು ಬೇಕು, ಕೇಳು," ಎಂದಳು ರಾಣಿ ಬೊಮ್ಮಕ್ಕನಿಗೆ.

"ಪೆಟ್ಟಿಗೆ ಮಾಡುವ ಬಗೆಯನ್ನು ಊರಬಾಗಿಲ ಕಲ್ಲಿನ ಮೇಲೆ ಕೆತ್ತಿಸಿ ತಾಯಿ. ಹೋಗುವವರು ಬರುವವರು ನೋಡಿಕೊಂಡು ಮಾಡಿಕೊಳ್ಳಲಿ."

ಹಾಗೇ ಆಯಿತು. ಅಂದಿನಿಂದ ಸಿಡಿಲಕೋಟೆಯವರು ಯಾರಿಗೂ ಅಂಜದೆ ಸುಖವಾಗಿ ಬಾಳಿದರು. ಕೆಟ್ಟುಹೋದದ್ದನ್ನು ತಾವೇ ಬಿಚ್ಚಿ, ತಾವೇ ಸರಿಮಾಡಿಕೊಂಡು ಬಾಳಿದರು.