ಕೋಕೋಪೀಟಿನ ಉಪ್ಪು

"ಇದರಲ್ಲಿ ಸಸಿ ನೆಟ್ರೆ ಬೇರು ಸುಟ್ಟು ಹೋಗುತ್ತೆ."

ಅವಳು ತಿರುಗಿ ನೋಡಿದಳು. ಹಸಿರುಮನೆಯೊಳಗೆ ಅಪರಿಚಿತನೊಬ್ಬ ಅವಳ ಕುಂಡದ ಕೋಕೋಪೀಟಿಗೆ, ಆ ತೆಂಗಿನ ನಾರಿನ ಪುಡಿಗೆ, ಉಪ್ಪು ಅಳೆಯುವ ಮೀಟರು ಚುಚ್ಚಿ ನಿಂತಿದ್ದ.

"ನೀವ್ಯಾರು?"

"ಮಣ್ಣು ಪರೀಕ್ಷೆ ಲ್ಯಾಬಿನವನು. ನಿಮ್ಮ ತಂದೆ ಕರೆಸಿದ್ರು. ಇದನ್ನ ಯಾರೂ ತೊಳೆದೇ ಇಲ್ಲ. ಉಪ್ಪು ಇರಬೇಕಾದ್ದಕ್ಕಿಂತ ಮೂರು ಪಟ್ಟು ಇದೆ."

ಅವಳ ಮುಖ ಬಿಸಿಯಾಯಿತು. ಹೋದ ವರ್ಷ ಮಣ್ಣಿನಲ್ಲಿ ಬೇರುಕೊಳೆ ಬಂದು ಜರ್ಬೆರಾ ಹೂಗಿಡ ಪೂರ್ತಿ ಸತ್ತಿತ್ತು. ಇನ್ನು ಮಣ್ಣು ಬೇಡ, ಕೋಕೋಪೀಟೇ ಸರಿ ಎಂದು ಅಪ್ಪನೊಡನೆ ಹಟ ಹಿಡಿದವಳು ಅವಳೇ. ನಾಳೆ ಬೆಳಿಗ್ಗೆ ನಾಲ್ಕು ಸಾವಿರ ಸಸಿ ಬರಲಿದ್ದವು.

"ತೊಳೆದದ್ದು ಎಲ್ಲಿ ಸಿಗುತ್ತೆ?"

"ನಮ್ಮಣ್ಣ ಮಾರ್ತಾನೆ. ಆದ್ರೆ..."

"ಚೆನ್ನಾಗಿದೆ. ತಮ್ಮ ಹೆದರಿಸೋದು, ಅಣ್ಣ ಮಾರೋದು. ನಡೀರಿ ಆಚೆ."

ಅವನು ಮೀಟರು ಒರೆಸಿ ಜೇಬಿಗೆ ಹಾಕಿಕೊಂಡು ಹೊರಟುಹೋದ.

ಅವಳಿಗೆ ಸಮಾಧಾನವಾಗಲಿಲ್ಲ. ಹದಿನೈದು ದಿನಗಳ ಹಿಂದೆ ಪ್ರಯೋಗಕ್ಕೆಂದು ಇದೇ ಕೋಕೋಪೀಟಿನಲ್ಲಿ ನೆಟ್ಟಿದ್ದ ಹತ್ತು ಗಿಡಗಳತ್ತ ನಡೆದಳು. ಎಲೆಯಂಚು ಕರಟಿತ್ತು. ಬಿಸಿಲಿಗೆ ಎಂದುಕೊಂಡಿದ್ದಳು... ಒಂದನ್ನು ಕಿತ್ತು ನೋಡಿದರೆ ಬೇರು ಕಂದುಬಣ್ಣಕ್ಕೆ ತಿರುಗಿತ್ತು.

ಅವಮಾನ ನುಂಗಿಕೊಂಡು, ಅಪ್ಪನಿಂದ ನಂಬರ್ ಪಡೆದು ಅವನಿಗೆ ಫೋನ್ ಮಾಡಿದಳು.

"ನಿಮ್ಮಣ್ಣನ ನಂಬರ್ ಕೊಡಿ."

"ಬೇಡ. ನಿಮ್ಮದನ್ನೇ ತೊಳೆದ್ರಾಯ್ತು. ನೀರಿದೆ ತಾನೇ?"

"ಅದನ್ನ ಆಗ್ಲೇ ಹೇಳೋದಲ್ವಾ?"

"ಹೇಳೋಕೆ ಎಲ್ಲಿ ಬಿಟ್ರಿ?"

ಅರ್ಧ ಗಂಟೆಯಲ್ಲಿ ಅವನು ಬಂದ. ಇಬ್ಬರೂ ಕುಂಡಗಳಿಗೆ ನೀರು ಹಾಯಿಸುತ್ತಲೇ ಇದ್ದರು. ಮರುದಿನ ಸಸಿಗಳು ಬಂದು ನೆರಳಲ್ಲಿ ಕಾಯತೊಡಗಿದವು. ಉಪ್ಪು ಇಳಿಯಿತು, ಆದರೆ ಸಾಲದು. ನಾರಿಗೆ ಅಂಟಿದ ಉಪ್ಪು ಬಿಡಲೆಂದು ಅವನು ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಹಾಯಿಸಿ, ಮತ್ತೆ ತೊಳೆಸಿದ. ಸಸಿಗಳು ಬಾಡುವುದನ್ನು ಕಂಡು ಅವಳು ಅವುಗಳ ಮೇಲೆ ನೀರು ಚಿಮುಕಿಸಿದಳು.

"ತಪ್ಪು ನಂದು," ಎಂದಳು. "ನಿಮ್ಮನ್ನ ಹಾಗನ್ನಬಾರದಿತ್ತು."

"ಸಸಿ ಬದುಕಲಿ, ಆಮೇಲೆ ಜಗಳ ಆಡೋಣ."

ಮೂರನೆಯ ದಿನ ಮಧ್ಯಾಹ್ನ ಅವನು ಅಳೆದು ನೋಡಿ ತಲೆಯಾಡಿಸಿದ. "ನೆಡಿ."

ಸುಮಾರು ಇನ್ನೂರು ಸಸಿ ಹೋದವು. ಉಳಿದವು ಚಿಗುರಿದವು. ಅವನು ವಾರವಾರವೂ ಬಂದು ನೋಡುತ್ತಿದ್ದ. ಅವನು ಬರುವ ದಿನ ಅವಳ ಕಣ್ಣು ಗೇಟಿನ ಕಡೆಗೇ ಇರುತ್ತಿತ್ತು.

ಮೂರು ತಿಂಗಳಿಗೆ ಮೊದಲ ಹೂಗಳು ಕಟಾವಾದವು. ಅಪ್ಪ ಪಕ್ಕದ ಕೊಠಡಿಯಲ್ಲಿ ಅವನ್ನು ಬಕೆಟ್ಟಿಗೆ ಜೋಡಿಸುತ್ತಿದ್ದರು.

"ಇನ್ನು ನಾನು ಬರೋ ಅಗತ್ಯ ಇಲ್ಲ," ಎಂದ ಅವನು.

ಅವಳು ಕುಂಡದ ಒದ್ದೆ ಕೋಕೋಪೀಟನ್ನು ಬೆರಳಿಂದ ಕೆದಕಿದಳು. "ಗಿಡಕ್ಕೆ ಇಲ್ಲ."

"ಮತ್ಯಾರಿಗೆ?"

"ಅದನ್ನೂ ನಾನೇ ಹೇಳ್ಬೇಕಾ?"

ಅವನು ಮೀಟರನ್ನು ಕುಂಡದ ಪಕ್ಕ ಇಟ್ಟ. "ಬೇಡ. ನಿಮ್ಮಪ್ಪನ ಹತ್ರ ನಾನೇ ಹೇಳ್ತೀನಿ. ಈಗಲೇ."

"ಒಬ್ಬರೇ ಹೋಗ್ಬೇಡಿ..." ಅವಳು ಕೊಳೆಯಾದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಾನೂ ಬರ್ತೀನಿ."