ಮಾಂತ್ರಿಕನ ಮೀನಿಗೆ ಎರೆಹುಳು ಅಗೆದವನು

ಎಷ್ಟೋ ತಲೆಮಾರುಗಳ ಹಿಂದೆ ಮೆಕ್ಕಲಪುರವೆಂಬ ರಾಜ್ಯದಲ್ಲಿ ಸಣ್ಣೀರನೆಂಬ ಮೀನುಗಾರನಿದ್ದ. ಉಗ್ರಕೇಶನೆಂಬ ಮಾಂತ್ರಿಕ ಅವನ ಹೆಂಡತಿ ದೇವೀರಿಯನ್ನು ಕೊಕ್ಕರೆ ಮಾಡಿ ಕೆರೆಯ ದಂಡೆಯಲ್ಲಿ ಕಟ್ಟಿಹಾಕಿದ್ದ.

"ಈ ಕೆರೆಯಲ್ಲಿರುವ ನನ್ನ ಮೀನಿಗೆ ಮೂರು ಬುಟ್ಟಿ ಎರೆಹುಳು ತಾ, ಇವಳನ್ನು ಬಿಡುತ್ತೇನೆ" ಎಂದಿದ್ದ.

ಮೂರು ಮುಗಿದರೆ ಇನ್ನು ಮೂರು ಎನ್ನುತ್ತಿದ್ದ. ಹೀಗೇ ಏಳು ವರ್ಷ ಕಳೆಯಿತು. ಸಣ್ಣೀರನ ಬೆನ್ನು ಬಾಗಿತು, ಉಗುರು ಸವೆಯಿತು. ಆನೆಗಾತ್ರದ ಆ ಮೀನಿಗೆ ಮಾತ್ರ ಸಾಕೆನ್ನುವುದೇ ಗೊತ್ತಿರಲಿಲ್ಲ.

ಹುಳುಗಳು ಹೋದ ಮೇಲೆ ರಾಜ್ಯದ ನೆಲ ಹಲಗೆಯಂತೆ ಗಟ್ಟಿಯಾಯಿತು. ಮಳೆನೀರು ಒಳಗಿಳಿಯದೆ ಮೇಲೆಯೇ ಹರಿದುಹೋಗುತ್ತಿತ್ತು. ಉದುರಿದ ಎಲೆ ಮಣ್ಣಾಗದೆ ಬಿದ್ದಲ್ಲೇ ಬಿದ್ದಿರುತ್ತಿತ್ತು. ರಾಗಿ ಗೇಣುದ್ದ ಬೆಳೆದು ಹಳದಿಯಾಗುತ್ತಿತ್ತು.

ಮತ್ತೆ ಮೂರು ಬುಟ್ಟಿಯ ಸರದಿ ಬಂತು. ಮೊದಲನೆಯದನ್ನು ಬಾಳೆತೋಟದಲ್ಲಿ ಅಗೆದ, ತೋಟ ಸೊರಗಿತು. ಎರಡನೆಯದನ್ನು ಗೋಮಾಳದಲ್ಲಿ ಅಗೆದ, ಹುಲ್ಲು ಒಣಗಿತು. ಮೂರನೆಯದಕ್ಕೆ ಉಳಿದದ್ದು ತನ್ನದೇ ಹಿತ್ತಲ ತಿಪ್ಪೆ. ಅಲ್ಲಿ ಮಣ್ಣು ಹುಡಿಹುಡಿಯಾಗಿ ಘಮ್ಮೆನ್ನುತ್ತಿತ್ತು, ಕುಂಬಳದ ಬಳ್ಳಿ ಹೂ ಬಿಟ್ಟಿತ್ತು. ಅಳುತ್ತಲೇ ಅಗೆದ.

ಬುಟ್ಟಿ ಹೊತ್ತು ಕೆರೆಗೆ ಬಂದಾಗ ಕೊಕ್ಕರೆ ಕೇಳಿತು: "ಎಲ್ಲಿ ಅಗ್ದೆ ಮಾವ ಇದ್ನ?"

"ನಮ್ಮ ತಿಪ್ಪೇಲಿ ಕಣಮ್ಮಿ. ಇನ್ನೆಲ್ಲೂ ಉಳ್ದಿಲ್ಲ."

"ಹಂಗಾರೆ ಮೀನಿಗೆ ಹಾಕ್ಬ್ಯಾಡ. ನಾನು ಹಿಂಗೇ ಇದ್ಬುಡ್ತೀನಿ. ಊರು ಉಣ್ಬೇಕಲ್ಲ."

"ನಂಗೂ ಸಾಕಾಯ್ತು ಕಣೆ" ಎಂದ ಸಣ್ಣೀರ. ಬುಟ್ಟಿಯ ಮೇಲೆ ಒದ್ದೆ ಎಲೆ ಮುಚ್ಚಿ ಪಕ್ಕದಲ್ಲೇ ಕುಳಿತುಬಿಟ್ಟ.

ಮಾಂತ್ರಿಕ ಓಡಿಬಂದ. "ಮೀನಿಗೆ ಹಾಕೋ! ಇಲ್ಲದಿದ್ದರೆ ಇವಳನ್ನು ಸುಟ್ಟು ಬೂದಿ ಮಾಡುತ್ತೇನೆ!"

ಸಣ್ಣೀರ ಏಳಲಿಲ್ಲ. ಕೊಕ್ಕರೆಯನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದ.

ಮಾಂತ್ರಿಕ ಒಂದು ಸಲ ಮಂತ್ರ ಹೇಳಿದ, ಹೊಗೆ ಬಂತು. ಎರಡನೆಯ ಸಲ ಹೇಳಿದ, ಕೆಮ್ಮು ಬಂತು. ಮೂರನೆಯ ಸಲ ಏನೂ ಬರಲಿಲ್ಲ. ಅವನ ಬಲವೆಲ್ಲ ಇದ್ದದ್ದು ಮೀನಿನ ತುಂಬಿದ ಹೊಟ್ಟೆಯಲ್ಲಿ. ಹಸಿದ ಮೀನು ಎತ್ತಿನಷ್ಟಾಯಿತು, ಬೆಕ್ಕಿನಷ್ಟಾಯಿತು, ಕೊನೆಗೆ ಬೆರಳುದ್ದವಾಯಿತು. ಮಾಂತ್ರಿಕನೂ ಹಾಗೇ ಕುಗ್ಗಿ ಇಲ್ಲವಾದ. ಸಣ್ಣೀರ ಕಣ್ಣು ತೆರೆದಾಗ ಅವನ ತೋಳಲ್ಲಿ ದೇವೀರಿ ಇದ್ದಳು.

ದೇವೀರಿ ಆ ಹುಳುಗಳನ್ನು ಮನೆಗೊಂದು ಬೊಗಸೆಯಂತೆ ಹಂಚಿದಳು. ಅವು ಒಣಎಲೆ ತಿಂದು ಗೊಬ್ಬರ ಮಾಡಿದವು. ಅವು ಕೊರೆದ ದಾರಿಯಲ್ಲಿ ಮಳೆ ಒಳಗಿಳಿಯಿತು, ಗಾಳಿ ಆಡಿತು, ಬೇರು ಹೊಕ್ಕಿತು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ರಾಜ್ಯದವರೆಲ್ಲ ಹೊಟ್ಟೆತುಂಬ ಉಂಡು ಸುಖವಾಗಿದ್ದರು.

ರಾಜ ಮೆಚ್ಚಿ ಸಣ್ಣೀರನಿಗೆ ಚಿನ್ನದ ಗುದ್ದಲಿ ಕೊಡಲು ಬಂದ. ಸಣ್ಣೀರ ಕೈಮುಗಿದ.

"ಬ್ಯಾಡಿ ಬುದ್ದಿ. ಇನ್ಮೇಲೆ ಅಗ್ಯೋ ಕೆಲ್ಸ ಹುಳಗಳೇ ನೋಡ್ಕತವೆ. ನಾನು ಒಸಿ ಮನಿಕ್ಕತೀನಿ."