ಸೊಂಟದೆತ್ತರದ ಸ್ವಿಚ್ಚು

ಇದಕ್ಕೆ ನನ್ನ ಅಕ್ಕನೇ ಸಾಕ್ಷಿ. ಅವಳು ಕಥೆ ಕಟ್ಟುವವಳಲ್ಲ, ಚಿತ್ರ ಬರೆಯುವವಳು.

ಈಗ ಮಾಲ್ ಇರುವ ಜಾಗದಲ್ಲಿ ನಾವು ಬೆಳೆದ ಗಿರಣಿ ಕಾರ್ಮಿಕರ ವಠಾರವಿತ್ತು. ಆ ಗೋಡೆಗಳ ಹಸಿರನ್ನು ಅಕ್ಕ ಆಳೆತ್ತರದ ಕ್ಯಾನ್ವಾಸಿಗೆ ಬಳಿದಳು. ಬೇರೇನೂ ಇಲ್ಲ, ಬರೀ ಹಸಿರು. ಪ್ರದರ್ಶನದ ಹಾಲ್ ನೋಡಿಕೊಳ್ಳುವವನು ನಾನು. "ಇದನ್ನ ನೋಡೋಕೆ ಯಾರು ಬರ್ತಾರಕ್ಕ?" ಅಂದಿದ್ದೆ.

ವಠಾರದವರೆಲ್ಲ ಬಂದರು. ನಿಂತು ನೋಡಿದರು. ಹೊರಡುವಾಗ ಒಬ್ಬೊಬ್ಬರ ಎಡಗೈಯೂ ತಾನಾಗಿ ಕ್ಯಾನ್ವಾಸಿನ ಒಂದೇ ಜಾಗಕ್ಕೆ ಹೋಯಿತು. ನಮ್ಮ ಮನೆಗಳಲ್ಲಿ ಲೈಟಿನ ಸ್ವಿಚ್ಚು ಇದ್ದದ್ದು ಅಲ್ಲೇ, ಸೊಂಟದೆತ್ತರಕ್ಕೆ, ಕೂರಿಸಿದವನ ಎಡವಟ್ಟು. ನಾನೂ ಮುಟ್ಟಿ ನೋಡಿದೆ. ಆ ಜಾಗ ಮಾತ್ರ ಬೆಚ್ಚಗಿತ್ತು.

ಸಂಜೆ ಹಾಲ್ ಖಾಲಿಯಾದ ಮೇಲೆ ಅಕ್ಕ ಕೇಳಿದಳು, "ಅಮ್ಮ ಇದ್ದಿದ್ರೆ ಏನಂತಿದ್ಳೋ?"

"'ಲೈಟ್ ಆರಿಸ್ದೆ ಹೋಗ್ತೀರಲ್ಲ, ನಾನಿರೋದು ಅದಕ್ಕೇನಾ' ಅಂತಿದ್ಳು."

ಇಬ್ಬರೂ ನಕ್ಕೆವು. ಬೇಕೆಂದೇ ದೀಪ ಆರಿಸದೆ ಹೊರಟೆವು. ಬೆನ್ನ ಹಿಂದೆ ಟಕ್ ಎಂದಿತು. ಹಾಲ್ ಕತ್ತಲಾಯಿತು.

ಹಾಲಿನ ಸ್ವಿಚ್ ಬೋರ್ಡು ಇರುವುದು ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಕೀಲಿ ನನ್ನ ಜೇಬಿನಲ್ಲಿತ್ತು.

ಪ್ರದರ್ಶನ ಮುಗಿಯುವವರೆಗೆ ಒಂದು ಸಂಜೆಯೂ ನಾನು ದೀಪ ಆರಿಸಬೇಕಾಗಲಿಲ್ಲ.